ಬಾಟಲಿಗೆ ದುಡ್ಡು ಕೊಟ್ಟವರು ಯಾರು? ಅಂತರ್ಜಾಲದ ಕಾಲದ ವೈನ್ ಬರವಣಿಗೆ

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಪತ್ರಿಕೋದ್ಯಮ ಕಲಿಯುತ್ತಿರುವ ನಿಮ್ಮ ಮುಂದೆ ವೈನ್ ವಿಷಯವನ್ನು ಎತ್ತಿಕೊಳ್ಳಲು ಒಂದು ಕಾರಣವಿದೆ. ಮಾವಿನ ಹಣ್ಣನ್ನು ಮೂಸಿ ನೋಡಿ ಕೊಳ್ಳುತ್ತೇವೆ, ಸೀರೆಯನ್ನು ಬಿಡಿಸಿ ಮುಟ್ಟಿ ನೋಡಿ ಕೊಳ್ಳುತ್ತೇವೆ. ವೈನ್ ಹಾಗಲ್ಲ. ಬಿರಡೆ ತೆಗೆಯುವ ತನಕ ಬಾಟಲಿಯೊಳಗೆ ಏನಿದೆ ಎಂಬುದು ತಿಳಿಯುವುದಿಲ್ಲ. ತೆಗೆದ ಮೇಲೆ ಹಿಡಿಸಲಿಲ್ಲವೆಂದು ಅಂಗಡಿಗೆ ಮರಳಿಸುವಂತಿಲ್ಲ. ಒಂದೇ ತೋಟದ, ಒಂದೇ ತಳಿಯ ದ್ರಾಕ್ಷಿಯಿಂದ ಮಾಡಿದ್ದಾದರೂ ಈ ವರ್ಷದ ವೈನ್ ಹೋದ ವರ್ಷದಂತಿರುವುದಿಲ್ಲ. ಆದ್ದರಿಂದ ಕೊಳ್ಳುವವರು ಮೊದಲು ನಂಬುವುದು ಯಾರೋ ಬರೆದ ನಾಲ್ಕು ಸಾಲುಗಳನ್ನು, ಅದರ ಪಕ್ಕದಲ್ಲಿ ಹಾಕಿದ ಒಂದು ಅಂಕವನ್ನು. ಬರವಣಿಗೆಯ ಮೇಲೆ ಇಷ್ಟು ಭಾರ ಹೊರಿಸುವ ಸರಕುಗಳು ಹೆಚ್ಚಿಲ್ಲ. ವಿಮರ್ಶೆ ಎಲ್ಲಿ ಮುಗಿಯುತ್ತದೆ, ಮಾರಾಟ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಇಂದು ನಾನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ರುಚಿ ನೋಡಿ ಬರೆದವರ ಬಾಟಲಿಗೆ ದುಡ್ಡು ಕೊಟ್ಟವರು ಯಾರು? ಅಂತರ್ಜಾಲ ಬಂದ ಮೇಲೆ ವೈನ್ ಬರವಣಿಗೆಯಲ್ಲಿ ಬಹಳಷ್ಟು ಬದಲಾಗಿದೆ. ಈ ಪ್ರಶ್ನೆ ಬದಲಾಗಿಲ್ಲ. ಉತ್ತರ ಹುಡುಕುವುದು ಮಾತ್ರ ಮೊದಲಿಗಿಂತ ಕಷ್ಟವಾಗಿದೆ.

ಹಳೆಯ ಕಾಲದಿಂದ ತೊಡಗುತ್ತೇನೆ. 1855ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಸ್ತುಪ್ರದರ್ಶನಕ್ಕಾಗಿ ಫ್ರಾನ್ಸಿನ ಬೋರ್ಡೋ ಪ್ರಾಂತದ ವೈನ್‌ಗಳ ಶ್ರೇಣಿಪಟ್ಟಿ ಬೇಕಾಯಿತು. ಅದನ್ನು ತಯಾರಿಸಿದವರು ವೈನ್ ದಲ್ಲಾಳಿಗಳು. ಒಂದೊಂದನ್ನೂ ರುಚಿ ನೋಡಿ ಅವರು ಅಂಕ ಹಾಕಲಿಲ್ಲ. ಮಾರುಕಟ್ಟೆಯಲ್ಲಿ ಯಾವುದಕ್ಕೆ ಎಷ್ಟು ಬೆಲೆ ಸಿಗುತ್ತಿತ್ತೋ ಆ ಲೆಕ್ಕದ ಮೇಲೆ ಕೆಂಪು ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಆ ದರ್ಜೆಗಳನ್ನು ಇಂದಿಗೂ ಬಾಟಲಿಗಳ ಮೇಲೆ ಅಚ್ಚು ಹಾಕುತ್ತಾರೆ. 1973ರಲ್ಲಿ ಶಾತೋ ಮೂತೋನ್ ರಾತ್‌ಶೀಲ್ಡ್ ಎಂಬ ತೋಟ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದನ್ನು ಬಿಟ್ಟರೆ ಹೇಳಿಕೊಳ್ಳುವಂಥ ತಿದ್ದುಪಡಿಯೇ ಆಗಿಲ್ಲ. ಬೆಲೆ ನೋಡಿ ದರ್ಜೆ ಕೊಟ್ಟರು, ಆಮೇಲೆ ದರ್ಜೆ ನೋಡಿ ಬೆಲೆ ಕಟ್ಟಿದರು. ಇಪ್ಪತ್ತನೆಯ ಶತಮಾನದಲ್ಲಿಯೂ ಬಹಳ ಕಾಲ ಇಂಗ್ಲಿಷಿನಲ್ಲಿ ವೈನ್ ಬಗ್ಗೆ ಬರೆದವರಲ್ಲಿ ಅನೇಕರು ಸ್ವತಃ ವೈನ್ ವ್ಯಾಪಾರಿಗಳು, ಇಲ್ಲವೇ ತೋಟದ ಒಡೆಯರ ಮನೆಯ ಅತಿಥಿಗಳು. ಅವರಲ್ಲಿ ವಿದ್ವಾಂಸರಿದ್ದರು, ಸೊಗಸಾಗಿ ಬರೆಯುವವರಿದ್ದರು. ಆದರೆ ‘ಇದು ಚೆನ್ನಾಗಿಲ್ಲ, ಇದಕ್ಕೆ ಹಣ ಹಾಕಬೇಡಿ’ ಎಂದು ಹೆಸರು ಹಿಡಿದು ಬರೆಯುವ ರೂಢಿ ಇರಲಿಲ್ಲವೆಂದೇ ಹೇಳಬೇಕು.

ಆ ರೂಢಿಯನ್ನು ಮುರಿದವರು ರಾಬರ್ಟ್ ಪಾರ್ಕರ್. ಅಮೆರಿಕದ ಮೇರಿಲ್ಯಾಂಡಿನ ವಕೀಲರು. ರಾಲ್ಫ್ ನೇಡರ್ ಅವರ ಗ್ರಾಹಕ ಚಳವಳಿಯಿಂದ ಪ್ರೇರಣೆ ಪಡೆದು 1978ರಲ್ಲಿ ಅವರು ‘ದಿ ವೈನ್ ಅಡ್ವೊಕೇಟ್’ ಎಂಬ ಪತ್ರಿಕೆ ಹೊರಡಿಸಿದರು. ಅದರಲ್ಲಿ ಜಾಹೀರಾತಿರಲಿಲ್ಲ, ಚಂದಾದಾರರ ಹಣವೇ ಆಧಾರವಾಗಿತ್ತು. ವಿಮರ್ಶಕನು ಮಾರುವವರ ಪರವಲ್ಲ, ಕೊಳ್ಳುವವರ ಪರ ನಿಲ್ಲಬೇಕು ಎಂಬುದು ಅವರ ನಿಲುವು. ಓದುಗರಿಗೆ ತಟ್ಟನೆ ತಿಳಿಯಲೆಂದು ನೂರು ಅಂಕಗಳ ಅಳತೆಯನ್ನು ಬಳಸಿದರು. ಬಾಟಲಿಯಲ್ಲಿ ಏನೇ ಇರಲಿ ಮೊದಲ 50 ಅಂಕ ಉಚಿತ, ಉಳಿದ 50ಕ್ಕೆ ಪರೀಕ್ಷೆ. 1982ರ ಬೋರ್ಡೋ ಬೆಳೆಯ ಬಗ್ಗೆ ಕೆಲವು ವಿಮರ್ಶಕರು ಅನುಮಾನದಿಂದ ಬರೆಯುತ್ತಿದ್ದಾಗ ಪಾರ್ಕರ್ ಅದನ್ನು ಮುಕ್ತಕಂಠದಿಂದ ಹೊಗಳಿದರು. ಆ ಬೆಳೆ ನಿಜಕ್ಕೂ ಶ್ರೇಷ್ಠವಾಗಿತ್ತು. ಅಲ್ಲಿಂದ ಅಮೆರಿಕದ ಕೊಳ್ಳುಗರು ಅವರ ಬೆನ್ನಿಗೆ ನಿಂತರು.

ಇಲ್ಲಿ ಸ್ವಲ್ಪ ನಿಂತು ಬೋರ್ಡೋದ ವ್ಯಾಪಾರ ಹೇಗೆ ನಡೆಯುತ್ತದೆ ಎಂಬುದನ್ನು ಹೇಳಬೇಕು, ಏಕೆಂದರೆ ಒಬ್ಬ ಬರಹಗಾರನ ಪ್ರಭಾವವನ್ನು ಯೂರೋ ಲೆಕ್ಕದಲ್ಲಿ ತೋರಿಸುವ ಅಪರೂಪದ ಪ್ರಸಂಗ ಅದರಲ್ಲಿದೆ. ಅಲ್ಲಿ ಶರತ್ಕಾಲದಲ್ಲಿ ದ್ರಾಕ್ಷಿ ಕೊಯ್ಯುತ್ತಾರೆ. ಮುಂದಿನ ವಸಂತದಲ್ಲಿ, ವೈನ್ ಇನ್ನೂ ಓಕ್ ಮರದ ಪೀಪಾಯಿಯಲ್ಲಿರುವಾಗಲೇ, ವಿಮರ್ಶಕರೂ ವ್ಯಾಪಾರಿಗಳೂ ಬಂದು ರುಚಿ ನೋಡುತ್ತಾರೆ. ಅದಾದ ಮೇಲೆ ತೋಟಗಳು ಬೆಲೆ ಪ್ರಕಟಿಸುತ್ತವೆ, ಕೊಳ್ಳುವವರು ಹಣ ಕಟ್ಟುತ್ತಾರೆ. ಬಾಟಲಿ ಕೈಗೆ ಬರುವುದು ಇನ್ನಷ್ಟು ಕಾಲ ಕಳೆದ ನಂತರ. ಪಾರ್ಕರ್ ಅವರ ಅಂಕ ಹೊರಬಂದ ಮೇಲೆ ಬೆಲೆ ನಿಗದಿ ಮಾಡುವುದು ಅನೇಕ ತೋಟಗಳಿಗೆ ವಾಡಿಕೆಯಾಗಿಬಿಟ್ಟಿತ್ತು. 2003ರ ವಸಂತದಲ್ಲಿ ಇರಾಕ್ ಯುದ್ಧ ಶುರುವಾದದ್ದರಿಂದ ಪಾರ್ಕರ್ ತಮ್ಮ ಬೋರ್ಡೋ ಪ್ರಯಾಣವನ್ನು ಮುಂದೂಡಿದರು. ಹಾಗಾಗಿ 2002ರ ಬೆಳೆಯ ವೈನ್‌ಗಳಿಗೆ ಅವರ ಅಂಕವಿಲ್ಲದೆಯೇ ಬೆಲೆ ನಿಗದಿಯಾಯಿತು. ಮೂವರು ಅರ್ಥಶಾಸ್ತ್ರಜ್ಞರು ಆ ವರ್ಷದ ಬೆಲೆಗಳನ್ನು ಪಾರ್ಕರ್ ಬಂದಿದ್ದ ವರ್ಷದ ಬೆಲೆಗಳೊಂದಿಗೆ ಹೋಲಿಸಿದರು. ಅವರ ಅಂಕದಿಂದ ಬಾಟಲಿಯೊಂದರ ಬೆಲೆಯಲ್ಲಿ ಆಗುತ್ತಿದ್ದ ವ್ಯತ್ಯಾಸ ಸರಾಸರಿ ಸುಮಾರು 3 ಯೂರೋ ಎಂದು ಅವರ ಲೆಕ್ಕ. ಒಬ್ಬ ಮನುಷ್ಯನ ಮೂಗು, ನಾಲಿಗೆ, ಲೇಖನಿಯ ಬೆಲೆ ಅದು. ಬಾಟಲಿಗಳ ಸಂಖ್ಯೆಯಿಂದ ಗುಣಿಸಿ ನೋಡಿ.

ಗ್ರಾಹಕರ ರಕ್ಷಣೆಗೆಂದು ಹುಟ್ಟಿದ ಅಂಕ ಹೀಗೆ ಮಾರಾಟದ ಆಯುಧವಾಯಿತು. ಅಂಗಡಿಗಳ ಕಪಾಟಿನಲ್ಲಿ ವೈನ್ ಮುಂದೆ ಅಂಕದ ಚೀಟಿಗಳು ನೇತಾಡತೊಡಗಿದವು. ಪಾರ್ಕರ್ ಇಷ್ಟಪಡುತ್ತಾರೆಂದು ಜನ ನಂಬಿದ್ದ ಶೈಲಿ, ಅಂದರೆ ಚೆನ್ನಾಗಿ ಮಾಗಿದ ಹಣ್ಣು, ದಟ್ಟ ಬಣ್ಣ, ಹೊಸ ಓಕ್ ಪೀಪಾಯಿಯ ವಾಸನೆ, ಹಲವು ದೇಶಗಳಿಗೆ ಹಬ್ಬಿತು. ಆ ಶೈಲಿಯೊಂದಿಗೆ ಮೊದಲು ಕೇಳಿಬರುತ್ತಿದ್ದ ಹೆಸರು ಬೋರ್ಡೋದ ಸಲಹೆಗಾರ ಮಿಷೆಲ್ ರೊಲಾನ್ ಅವರದು. ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತೋ ಕಾಣೆ, ಇದೇ ರೊಲಾನ್ ನಮ್ಮ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟಕ್ಕೂ ಸಲಹೆಗಾರರಾಗಿದ್ದರು. ಮೇರಿಲ್ಯಾಂಡಿನ ವಕೀಲರೊಬ್ಬರ ಅಭಿರುಚಿಯ ಕಾಲದ ಗಾಳಿ ದೊಡ್ಡಬಳ್ಳಾಪುರದ ಬಳ್ಳಿಗಳವರೆಗೂ ಬೀಸಿದೆ.

ಈಗ ಅಂತರ್ಜಾಲಕ್ಕೆ ಬರೋಣ. 2004ರಲ್ಲಿ ನಡೆದ ಒಂದು ಜಗಳವನ್ನು ನಾನು ಗಡಿಕಲ್ಲು ಎಂದು ಎಣಿಸುತ್ತೇನೆ. ಬೋರ್ಡೋದ ಶಾತೋ ಪಾವಿ ತೋಟದ 2003ರ ವೈನಿಗೆ ಪಾರ್ಕರ್ ಅತಿ ಎತ್ತರದ ಅಂಕ ಕೊಟ್ಟರು. ಲಂಡನ್ನಿನ ವಿಮರ್ಶಕಿ ಜಾನ್ಸಿಸ್ ರಾಬಿನ್ಸನ್ ಅದೇ ವೈನಿಗೆ 20ಕ್ಕೆ 12 ಕೊಟ್ಟು, ಇದು ಅತಿಯಾಗಿ ಮಾಗಿದ ಹಣ್ಣಿನ ಅಸಂಬದ್ಧ ವೈನ್ ಎಂದು ಬರೆದರು. ರಾಬಿನ್ಸನ್ ಸಾಮಾನ್ಯರಲ್ಲ. ‘ಮಾಸ್ಟರ್ ಆಫ್ ವೈನ್’ ಎಂಬ ಅತಿ ಕಠಿಣ ಪರೀಕ್ಷೆಯಲ್ಲಿ 1984ರಲ್ಲಿ ತೇರ್ಗಡೆಯಾದವರು, ವೈನ್ ವ್ಯಾಪಾರದ ಹೊರಗಿನಿಂದ ಬಂದು ಆ ಪದವಿ ಪಡೆದವರಲ್ಲಿ ಮೊದಲಿಗರು. ಇಬ್ಬರೂ ಅನುಭವಿಗಳು, ಇಬ್ಬರೂ ಪ್ರಾಮಾಣಿಕರು. ಹಿಂದಾಗಿದ್ದರೆ ಅಮೆರಿಕದ ಓದುಗನಿಗೆ ಒಂದು ಅಭಿಪ್ರಾಯ, ಬ್ರಿಟನ್ನಿನ ಓದುಗನಿಗೆ ಇನ್ನೊಂದು ತಲುಪಿ ಅಲ್ಲಿಗೆ ಮುಗಿಯುತ್ತಿತ್ತು. ಈ ಸಲ ವಾದ ನಡೆದದ್ದು ಅಂತರ್ಜಾಲದಲ್ಲಿ, ಎಲ್ಲರ ಕಣ್ಣೆದುರು. ಒಂದೇ ಪೀಪಾಯಿಯ ವೈನ್ ಇಬ್ಬರು ನುರಿತವರಿಗೆ ತೀರ ಬೇರೆಯಾಗಿ ತೋರಬಹುದು ಎಂಬುದನ್ನು ಸಾಮಾನ್ಯ ಓದುಗ ಮೊದಲ ಬಾರಿಗೆ ಅಕ್ಕಪಕ್ಕ ಇಟ್ಟು ನೋಡಿದ. ಒಂದೇ ಅಂಕದ ಅಧಿಕಾರ ಅಲ್ಲಿಂದ ಸಡಿಲವಾಯಿತೆಂದು ನನ್ನ ಅಭಿಪ್ರಾಯ.

ಅದೇ ಹೊತ್ತಿಗೆ ಓದುಗರೇ ಬರೆಯತೊಡಗಿದ್ದರು. ಮೈಕ್ರೋಸಾಫ್ಟ್‌ನಲ್ಲಿದ್ದ ಎರಿಕ್ ಲವೈನ್ ಎಂಬವರು ತಮ್ಮ ಮನೆಯ ನೆಲಮಾಳಿಗೆಯ ಬಾಟಲಿಗಳ ಲೆಕ್ಕವಿಡಲು 2003ರಲ್ಲಿ ಒಂದು ತಂತ್ರಾಂಶ ಬರೆದರು. ಗೆಳೆಯರು ನಮಗೂ ಬೇಕು ಎಂದರು. ಬಾಟಲಿ ಕೊಂಡವರೇ ತಮ್ಮ ಅಭಿಪ್ರಾಯ ಬರೆಯುವ ‘ಸೆಲ್ಲಾರ್‌ಟ್ರ್ಯಾಕರ್’ ಜಾಲತಾಣ ಹುಟ್ಟಿದ್ದು ಹಾಗೆ. ಇದರ ಮಹತ್ವವನ್ನು ಬಹಳ ಮಂದಿ ಗುರುತಿಸಿಲ್ಲ, ಆದ್ದರಿಂದ ಒತ್ತಿ ಹೇಳುತ್ತೇನೆ. ವೃತ್ತಿಪರ ವಿಮರ್ಶಕ ಎಳೆಯ ವೈನನ್ನು, ಒಂದೇ ದಿನದಲ್ಲಿ ಹತ್ತಾರು ಮಾದರಿಗಳ ನಡುವೆ, ಒಂದು ಗುಟುಕು ಬಾಯಿಗೆ ಹಾಕಿ ಉಗುಳಿ ಬರೆಯುತ್ತಾನೆ. ಅದನ್ನು ಕೊಂಡವರು ಹತ್ತು ವರ್ಷ ಕಾದು, ಊಟದ ಜೊತೆ, ಇಡೀ ಬಾಟಲಿ ಮುಗಿಸಿ ಬರೆಯುತ್ತಾರೆ. ಆ ವೈನ್ ಹತ್ತು ವರ್ಷ ಬಾಳಿತೇ ಎಂಬುದು ಅವರಿಗೆ ಗೊತ್ತು. ಬಾಟಲಿಗೆ ಹಣ ಕೊಟ್ಟವರು ಅವರೇ. ನನ್ನ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉತ್ತರ ಬೇರೆಲ್ಲಿಯೂ ಇಲ್ಲ.

2006ರಲ್ಲಿ ನ್ಯೂಜೆರ್ಸಿಯ ಗ್ಯಾರಿ ವೇನರ್‌ಚಕ್ ಎಂಬ ಯುವಕ ತನ್ನ ಕುಟುಂಬದ ಮದ್ಯದಂಗಡಿಯಲ್ಲಿ ಕ್ಯಾಮೆರಾ ಇಟ್ಟು ದಿನಕ್ಕೊಂದು ವಿಡಿಯೋ ಮಾಡತೊಡಗಿದ. 2011ರ ಹೊತ್ತಿಗೆ ಸಾವಿರ ಕಂತುಗಳಾದವು. ಆತ ಅಂಗಡಿಯವನೇ, ವೈನ್ ಮಾರುವುದೇ ಅವನ ಕಸುಬು. ಆದರೂ ತನ್ನ ಕಪಾಟಿನಲ್ಲೇ ಇದ್ದ ವೈನ್‌ಗಳನ್ನು ಚೆನ್ನಾಗಿಲ್ಲ ಎಂದು ನೇರವಾಗಿ ಹೇಳುತ್ತಿದ್ದ. ಕೋಟು, ಟೈ, ಪಿಸುಮಾತು ಯಾವುದೂ ಇಲ್ಲದೆ, ಚಿಕ್ಕಂದಿನಲ್ಲಿ ತಿಂದ ಮಿಠಾಯಿಗಳ ಹೆಸರು ಹಿಡಿದು ರುಚಿ ವಿವರಿಸುತ್ತಿದ್ದ. ವ್ಯಾಪಾರಿಯೊಬ್ಬ ವಿಮರ್ಶೆ ಮಾಡುವುದು ತಪ್ಪಲ್ಲವೇ ಎಂದು ನೀವು ಕೇಳಬಹುದು. ನನ್ನ ಉತ್ತರ: ಅವನು ವ್ಯಾಪಾರಿ ಎಂಬುದು ಪ್ರತಿ ಚಿತ್ರಿಕೆಯಲ್ಲೂ ನೋಡುಗನಿಗೆ ಕಾಣುತ್ತಿತ್ತು. ನನ್ನ ತಕರಾರಿರುವುದು ಕಾಣದ ಸಂಬಂಧಗಳ ಬಗ್ಗೆ.

2010ರಲ್ಲಿ ಕೋಪನ್‌ಹೇಗನ್ನಿನಲ್ಲಿ ಶುರುವಾದ ‘ವಿವಿನೋ’ ಇದನ್ನು ಮೊಬೈಲಿಗೆ ತಂದಿತು. ಬಾಟಲಿಯ ಚೀಟಿಯ ಫೋಟೋ ತೆಗೆದರೆ ಸಾಕು, ಬೆಲೆ, ಜನ ಕೊಟ್ಟ ನಕ್ಷತ್ರಗಳು, ಅಭಿಪ್ರಾಯಗಳು ಪರದೆಯ ಮೇಲೆ ಬರುತ್ತವೆ. ಕೋಟ್ಯಂತರ ಜನ ಬಳಸುತ್ತಾರೆ. ವೈನ್ ಎಂದರೆ ಹೆದರುತ್ತಿದ್ದವರಿಗೆ ಇದು ಧೈರ್ಯ ಕೊಟ್ಟಿದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಸರಾಸರಿ ತೆಗೆದಾಗ ವೈನ್‌ಗಳು ಬಹುಪಾಲು ಮೂರೂವರೆ, ನಾಲ್ಕು ನಕ್ಷತ್ರಗಳ ನಡುವೆ ಗುಂಪುಗಟ್ಟುತ್ತವೆ. ಒಗರು ಹೆಚ್ಚಾದ, ಹುಳಿ ಎದ್ದು ಕಾಣುವ, ಬಾಯಿಗೆ ಅಭ್ಯಾಸವಾಗಲು ಸಮಯ ಬೇಡುವ ವೈನ್ ಹಿಂದೆ ಬೀಳುತ್ತದೆ. ಸಿಹಿ ಸೋಕಿದ ಮೃದು ವೈನ್ ಮುಂದೆ ಬರುತ್ತದೆ. ಮತ್ತೆ, ಅದೇ ಆ್ಯಪ್‌ನಲ್ಲಿ ಕೊಳ್ಳುವ ಗುಂಡಿಯೂ ಇದೆ. ಅಂಕ ತೋರಿಸುವವರಿಗೆ ಮಾರಾಟದಿಂದ ಪಾಲು ಸಿಗುವ ವ್ಯವಸ್ಥೆ ಇದು. 1855ರ ದಲ್ಲಾಳಿಗಳೂ ಪಟ್ಟಿ ಮಾಡುವವರು, ಮಾರಾಟದಿಂದ ಬದುಕುವವರು ಎರಡೂ ಆಗಿದ್ದರು ಎಂಬುದನ್ನು ನೆನಪಿಸಿಕೊಳ್ಳಿ.

ಅಂಕಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಹಾಜ್‌ಸನ್ ಎಂಬ ನಿವೃತ್ತ ಸಂಖ್ಯಾಶಾಸ್ತ್ರ ಪ್ರಾಧ್ಯಾಪಕರು ಸಣ್ಣ ವೈನರಿಯೊಂದನ್ನು ನಡೆಸುತ್ತಿದ್ದರು. ತಮ್ಮ ಒಂದೇ ವೈನಿಗೆ ಒಂದು ಸ್ಪರ್ಧೆಯಲ್ಲಿ ಚಿನ್ನ ಬಂದು, ಮತ್ತೊಂದರಲ್ಲಿ ಏನೂ ಬಾರದೆ ಹೋಗುವುದು ಏಕೆ ಎಂಬ ಪ್ರಶ್ನೆ ಅವರಿಗಿತ್ತು. ಆ ರಾಜ್ಯದ ಪ್ರತಿಷ್ಠಿತ ಮೇಳದ ತೀರ್ಪುಗಾರರಿಗೆ 2005ರಿಂದ ಅವರು ಒಂದು ಪರೀಕ್ಷೆ ನಡೆಸಿದರು: ಸಾಲಾಗಿ ಇಟ್ಟ ಲೋಟಗಳ ನಡುವೆ ಒಂದೇ ಬಾಟಲಿಯ ವೈನನ್ನು ಮೂರು ಬೇರೆ ಬೇರೆ ಜಾಗದಲ್ಲಿ ಇಡುವುದು. ಮೂರಕ್ಕೂ ಹತ್ತಿರ ಹತ್ತಿರ ಅಂಕ ಕೊಟ್ಟ ತೀರ್ಪುಗಾರರು ಹತ್ತರಲ್ಲಿ ಒಬ್ಬರು ಮಾತ್ರ. 2008ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಹಿಡಿದು ‘ವೈನ್ ವಿಮರ್ಶೆಯೇ ಬೂಟಾಟಿಕೆ’ ಎಂದು ಅನೇಕರು ಬರೆದರು. ನಾನು ಅದನ್ನು ಒಪ್ಪುವುದಿಲ್ಲ. ಅದು ಸಾಬೀತು ಮಾಡಿದ್ದು ಇಷ್ಟು: 91 ಮತ್ತು 93ರ ನಡುವಿನ ವ್ಯತ್ಯಾಸವನ್ನು ಅಳತೆ ಎಂದು ನಂಬಬೇಡಿ. ನಾಲಿಗೆಗೆ ದಣಿವಿದೆ, ಹಿಂದಿನ ಲೋಟದ ನೆನಪಿದೆ, ಹೊತ್ತಿನ ಪ್ರಭಾವವಿದೆ. ಅಂಕಿಯಲ್ಲಿ ಬರೆದ ಮಾತ್ರಕ್ಕೆ ಅಭಿಪ್ರಾಯವು ಉಷ್ಣಮಾಪಕದ ಓದಾಗುವುದಿಲ್ಲ.

ಮಾತಿನಲ್ಲಿ ಬರೆದದ್ದು ಹಾಗಲ್ಲ, ಅದನ್ನು ಪರೀಕ್ಷಿಸಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಆ್ಯನ್ ನೋಬಲ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ವೈನ್ ವಾಸನೆಗಳ ಚಕ್ರವೊಂದನ್ನು ರೂಪಿಸಿದರು. ‘ಭವ್ಯ’, ‘ಸೊಗಸು’ ಎಂಬಂಥ ಮಾತುಗಳಿಗೆ ಅದರಲ್ಲಿ ಜಾಗವಿಲ್ಲ. ಅಡುಗೆಮನೆಯ ಪದಾರ್ಥವನ್ನು ಸಾದಾ ವೈನಿನಲ್ಲಿ ನೆನೆಸಿ, ಮೂಸಿ, ಇದೇ ಆ ವಾಸನೆ ಎಂದು ಯಾರು ಬೇಕಾದರೂ ಕಲಿಯಬಹುದು. ನೀವೂ ಮನೆಯಲ್ಲಿ ಮಾಡಿ ನೋಡಿ. ಕ್ಯಾಬರ್ನೆ ಸೋವಿನ್ಯೋನ್ ವೈನಿನಲ್ಲಿ ಹಸಿ ದೊಣ್ಣೆ ಮೆಣಸಿನಕಾಯಿಯ ವಾಸನೆ ಹಿಡಿಯಲು ದೊಡ್ಡ ಪಾಂಡಿತ್ಯ ಬೇಡ. ಶಿರಾಜ್ ವೈನಿನಲ್ಲಿ ಕರಿಮೆಣಸಿನ ಘಾಟಿದೆ ಎಂದು ವಿಮರ್ಶಕರು ಬಹುಕಾಲದಿಂದ ಬರೆಯುತ್ತಿದ್ದರು, ಕವಿಕಲ್ಪನೆ ಎಂದು ಓದುಗರು ನಗುತ್ತಿದ್ದರು. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆ ವಾಸನೆಗೆ ರೊಟಂಡೋನ್ ಎಂಬ ವಸ್ತು ಕಾರಣವೆಂದು ಕಂಡುಹಿಡಿದರು. ಕರಿಮೆಣಸಿಗೆ ಆ ಪರಿಮಳ ಕೊಡುವುದೂ ಅದೇ ವಸ್ತು. ಮಲೆನಾಡಿನಲ್ಲಿ ಮೆಣಸಿನ ಬಳ್ಳಿಯ ನಡುವೆ ಬೆಳೆದವರು ಈ ವಾಸನೆಯನ್ನು ಲಂಡನ್ನಿನ ವಿಮರ್ಶಕರಿಗಿಂತ ಬೇಗ ಗುರುತಿಸಿಯಾರು. ಹಾಗಿರುವಾಗ ನಾವು ಎಂದೂ ಮೂಸದ ಕಪ್ಪು ಕರಂಟ್ ಹಣ್ಣಿನ ಹೆಸರನ್ನು ಏಕೆ ನಕಲು ಮಾಡಬೇಕು? ನೇರಳೆ ನಮಗೆ ಗೊತ್ತು, ಹುಣಸೆ ಗೊತ್ತು, ಹೊಸ ಮಳೆಗೆ ನೆನೆದ ಕೆಂಪು ಮಣ್ಣಿನ ವಾಸನೆ ಗೊತ್ತು. ನಿಜವಾಗಿ ಮೂಗಿಗೆ ಬಂದದ್ದನ್ನು ಬರೆಯಿರಿ.

ಅಂತರ್ಜಾಲ ಮಾಡಿದ ಇನ್ನೊಂದು ದೊಡ್ಡ ಉಪಕಾರವನ್ನು ಮರೆಯಬಾರದು. ವಿಮರ್ಶಕರನ್ನೇ ತನಿಖೆ ಮಾಡುವವರು ಹುಟ್ಟಿಕೊಂಡರು. 2008ರಲ್ಲಿ ರಾಬಿನ್ ಗೋಲ್ಡ್‌ಸ್ಟೀನ್ ಎಂಬ ಅಮೆರಿಕದ ಬರಹಗಾರರು ಇಟಲಿಯ ಮಿಲಾನ್ ನಗರದಲ್ಲಿ ಇಲ್ಲದ ಒಂದು ರೆಸ್ಟೊರೆಂಟನ್ನು ಸೃಷ್ಟಿಸಿದರು. ಅದಕ್ಕೊಂದು ಹೆಸರು, ಜಾಲತಾಣ, ಊಟದ ಪಟ್ಟಿ, ವೈನ್ ಪಟ್ಟಿ. ಅರ್ಜಿಯನ್ನು 250 ಡಾಲರ್ ಶುಲ್ಕದೊಂದಿಗೆ ‘ವೈನ್ ಸ್ಪೆಕ್ಟೇಟರ್’ ಪತ್ರಿಕೆಗೆ ಕಳುಹಿಸಿದರು. ಶ್ರೇಷ್ಠ ವೈನ್ ಪಟ್ಟಿಯ ಪ್ರಶಸ್ತಿ ಬಂತು. ಪಟ್ಟಿಯ ದುಬಾರಿ ಭಾಗದಲ್ಲಿ ಅವರು ಬೇಕೆಂದೇ ಸೇರಿಸಿದ್ದು ಅದೇ ಪತ್ರಿಕೆ ಹಿಂದೆ ಕಡಿಮೆ ಅಂಕ ಕೊಟ್ಟಿದ್ದ ವೈನ್‌ಗಳನ್ನು! ಪತ್ರಿಕೆ ತನ್ನನ್ನು ಸಮರ್ಥಿಸಿಕೊಂಡಿತು, ವಂಚಿಸಲೆಂದೇ ಹೂಡಿದ ಆಟವಿದು ಎಂದಿತು. ಆದರೆ ಶುಲ್ಕ ಪಡೆದು ಕೊಡುವ ಪ್ರಶಸ್ತಿಯ ಒಳಗುಟ್ಟು ಓದುಗರಿಗೆ ತಿಳಿದುಹೋಗಿತ್ತು. ಮರುವರ್ಷ ಟೈಲರ್ ಕೋಲ್ಮನ್ ಎಂಬ ಸ್ವತಂತ್ರ ಬರಹಗಾರರು ತಮ್ಮ ಅಂತರ್ಜಾಲ ಅಂಕಣದಲ್ಲಿ ಇನ್ನೂ ಮುಖ್ಯವಾದ ಸಂಗತಿಯನ್ನು ಬಯಲಿಗೆ ತಂದರು: ಪಾರ್ಕರ್ ಪತ್ರಿಕೆಗೆ ಬರೆಯುತ್ತಿದ್ದ ಕೆಲವರು ಬೇರೆಯವರ ಖರ್ಚಿನಲ್ಲಿ ವೈನ್ ಪ್ರದೇಶಗಳಿಗೆ ಪ್ರವಾಸ ಹೋಗಿದ್ದರು. ಯಾರಿಂದಲೂ ಏನೂ ಪಡೆಯುವುದಿಲ್ಲ ಎಂಬ ಮಾತಿನ ಮೇಲೆ ಕಟ್ಟಿದ ಪತ್ರಿಕೆಗೆ ಅದು ಚಿಕ್ಕ ವಿಷಯವಾಗಿರಲಿಲ್ಲ; ಪಾರ್ಕರ್ ತಮ್ಮ ನಿಯಮಗಳನ್ನು ಸ್ಪಷ್ಟಪಡಿಸಬೇಕಾಯಿತು.

ಈ ಕಥೆಯ ಮುಂದಿನ ಭಾಗ ಚುಟುಕಾಗಿ: 2012ರಲ್ಲಿ ಆ ಪತ್ರಿಕೆಯಲ್ಲಿ ಸಿಂಗಪುರದ ಹೂಡಿಕೆದಾರರು ಪಾಲು ಕೊಂಡರು, 2017ರಲ್ಲಿ ಮಿಷೆಲಿನ್ ಕಂಪನಿ 40 ಶೇಕಡಾ, 2019ರಲ್ಲಿ ಪೂರ್ತಿ. ಪಾರ್ಕರ್ ಅದೇ ವರ್ಷ ನಿವೃತ್ತರಾದರು. ಅವರ ಸ್ಥಾನಕ್ಕೆ ಒಬ್ಬರು ಬರಲಿಲ್ಲ, ಇನ್ನು ಬರುವುದೂ ಇಲ್ಲ.

ಬಂದದ್ದು ಪ್ರಭಾವಿಗಳ, ಅಂದರೆ ಸಾಮಾಜಿಕ ಜಾಲತಾಣಗಳ ಇನ್‌ಫ್ಲುಯೆನ್ಸರ್‌ಗಳ ಗುಂಪು. ಒಬ್ಬ ವಿಮರ್ಶಕನನ್ನು ಒಲಿಸಿಕೊಳ್ಳುವುದು ಕಂಪನಿಗಳಿಗೆ ಕಷ್ಟವಿತ್ತು. ಸಾವಿರ ಹಿಂಬಾಲಕರಿರುವ ನೂರು ಜನರಿಗೆ ಒಂದೊಂದು ಬಾಟಲಿ ಕಳುಹಿಸುವುದು ಸುಲಭ. ಇದು ಇನ್‌ಸ್ಟಾಗ್ರಾಂ ಕಾಲದ ಆವಿಷ್ಕಾರವಲ್ಲ. ದಕ್ಷಿಣ ಆಫ್ರಿಕಾದ ‘ಸ್ಟಾರ್ಮ್‌ಹೂಕ್’ ಎಂಬ ವೈನ್ 2005ರಲ್ಲೇ ಬ್ರಿಟನ್ನಿನ ಬ್ಲಾಗ್ ಬರಹಗಾರರಿಗೆ ಉಚಿತ ಬಾಟಲಿ ಹಂಚಿ ಹೆಸರು ಮಾಡಿತ್ತು. ಹೊಗಳಿ ಬರೆಯಿರಿ ಎಂಬ ಷರತ್ತೇನೂ ಇರಲಿಲ್ಲ, ಬಾಟಲಿ ಬಂದದ್ದನ್ನು ಮುಚ್ಚಿಡಲೂ ಇಲ್ಲ. ಅಲ್ಲಿಯವರೆಗೆ ಸರಿ. ಇಂದು ನೋಡುವ ಎಷ್ಟೋ ಚಿತ್ರಗಳಲ್ಲಿ ಆ ಒಂದು ಸಾಲೂ ಇರುವುದಿಲ್ಲ: ಸೂರ್ಯಾಸ್ತ, ಲೋಟ, ನಗುಮುಖ, ತೋಟದ ಹೆಸರು, ಅಷ್ಟೇ. ಕೋಣೆಯ ಬಾಡಿಗೆ, ವಿಮಾನದ ಟಿಕೆಟ್, ಊಟ ಯಾರದ್ದು ಎಂಬುದು ನೋಡುವವರಿಗೆ ತಿಳಿಯದು. ಅಮೆರಿಕದ ವ್ಯಾಪಾರ ಆಯೋಗ 2009ರಲ್ಲಿ, ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿವೆ. ಏನಾದರೂ ಪಡೆದಿದ್ದರೆ ಅದನ್ನು ಓದುಗರಿಗೆ ಕಾಣುವಂತೆ ಹೇಳಬೇಕು ಎಂಬುದು ಎರಡರ ಸಾರ. ನೀವು ನಾಳೆ ಬರೆಯಲು ಹೊರಡುವವರು. ಈ ಮಾರ್ಗಸೂಚಿಯನ್ನು ಮನೆಗೆ ಹೋಗಿ ಓದಲೇಬೇಕು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಇನ್ನಷ್ಟು ತೂಕವಿದೆ. ಕಾರಣ ಕಾನೂನು. ಮೊದಲು ಫ್ರಾನ್ಸಿನ ಉದಾಹರಣೆ ಕೊಡುತ್ತೇನೆ. ವೈನಿನ ತವರು ಎನಿಸಿದ ಆ ದೇಶದಲ್ಲೇ 1991ರಿಂದ ಮದ್ಯದ ಜಾಹೀರಾತಿನ ಮೇಲೆ ಬಿಗಿಯಾದ ಕಾನೂನಿದೆ. ಟಿವಿಯಲ್ಲಿ ಪೂರ್ತಿ ನಿಷೇಧ, ಉಳಿದೆಡೆ ಏನು ಹೇಳಬಹುದೆಂಬ ಮಿತಿ. ‘ಲ ಪಾರಿಸಿಯನ್’ ದಿನಪತ್ರಿಕೆ 2005ರಲ್ಲಿ ಶಾಂಪೇನ್ ಬಗ್ಗೆ ಲೇಖನಗಳನ್ನು ಪ್ರಕಟಿಸಿತು. ಬರೆದವರು ಪತ್ರಕರ್ತರು, ಯಾರಿಂದಲೂ ಹಣ ಪಡೆದಿರಲಿಲ್ಲ. ಆದರೂ ಪ್ಯಾರಿಸ್ಸಿನ ನ್ಯಾಯಾಲಯ, ಈ ಬರವಣಿಗೆಯ ಪರಿಣಾಮ ಜಾಹೀರಾತಿನದೇ, ಹಾಗಾಗಿ ಆರೋಗ್ಯದ ಎಚ್ಚರಿಕೆಯನ್ನು ಜೊತೆಗೆ ಮುದ್ರಿಸಬೇಕಿತ್ತು ಎಂದು ತೀರ್ಪಿತ್ತು 5,000 ಯೂರೋ ಪರಿಹಾರ ವಿಧಿಸಿತು. ಪತ್ರಿಕಾ ಸ್ವಾತಂತ್ರ್ಯದ ದೃಷ್ಟಿಯಿಂದ ಈ ತೀರ್ಪು ನನಗೆ ಸರಿಯೆನಿಸುವುದಿಲ್ಲ. ಆದರೆ ಅದು ಎತ್ತಿದ ಪ್ರಶ್ನೆ ಗಟ್ಟಿಯಾದದ್ದು. ಇನ್ನು ಅಂತರ್ಜಾಲವನ್ನು 1991ರ ಕಾನೂನು ಮಾಡಿದವರು ಕಂಡೇ ಇರಲಿಲ್ಲ. ಅನುಮತಿಸಿದ ಮಾಧ್ಯಮಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ ಎಂಬ ಕಾರಣಕ್ಕೆ 2008ರಲ್ಲಿ ಒಂದು ದೊಡ್ಡ ಬಿಯರ್ ಕಂಪನಿಯ ಜಾಲತಾಣದ ವಿರುದ್ಧವೇ ಆದೇಶ ಬಂತು. 2009ರಲ್ಲಿ ಕಾನೂನನ್ನು ತಿದ್ದಿ, ಯುವಜನರ ಮತ್ತು ಕ್ರೀಡೆಯ ತಾಣಗಳನ್ನು ಬಿಟ್ಟು ಉಳಿದೆಡೆ ಅಂತರ್ಜಾಲಕ್ಕೆ ಅವಕಾಶ ಕೊಟ್ಟರು.

ಭಾರತದಲ್ಲಿ 1994ರ ಕೇಬಲ್ ಟಿವಿ ನಿಯಮಗಳು ಮದ್ಯದ ಜಾಹೀರಾತನ್ನು ನಿಷೇಧಿಸಿವೆ. ಬೇರೆ ಸರಕಿನ ಹೆಸರಿನಲ್ಲಿ ಮದ್ಯದ ಹೆಸರನ್ನು ತೇಲಿಬಿಡುವ ಬದಲಿ ಜಾಹೀರಾತುಗಳಿಗೆ 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕಡಿವಾಣ ಹಾಕಿತು. ಹೀಗಿರುವಾಗ ನಂದಿಯಲ್ಲೋ ನಾಸಿಕದಲ್ಲೋ ಇರುವ ವೈನರಿ ತನ್ನ ಮಾತನ್ನು ಜನರಿಗೆ ಮುಟ್ಟಿಸುವುದು ಹೇಗೆ? ತೋಟದ ಪ್ರವಾಸ, ಸಂಗೀತದ ಉತ್ಸವ, ಪತ್ರಿಕಾ ಪ್ರಕಟಣೆ, ಪ್ರಭಾವಿಗಳ ಖಾತೆ. ಜಾಹೀರಾತು ಮುಚ್ಚಿದ ಕಡೆ ಬರವಣಿಗೆಯೇ ಜಾಹೀರಾತಿನ ಕೆಲಸಕ್ಕೆ ನಿಲ್ಲುತ್ತದೆ. ಒಂದು ವೈನರಿ ಕಳುಹಿಸಿದ ಪ್ರಕಟಣೆಯ ಸಾಲುಗಳು, ಅಲ್ಪವಿರಾಮವೂ ಬದಲಾಗದೆ, ಬೇರೆ ಬೇರೆ ಬರಹಗಾರರ ಹೆಸರಿನಲ್ಲಿ ಬಂದದ್ದನ್ನು ನಾನು ನೋಡಿದ್ದೇನೆ. ಅದನ್ನು ನೋಡಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಓದುಗ ಪತ್ರಿಕೆಗೆ ಹಣ ಕೊಟ್ಟು ಓದಿದ್ದು ಮಾರಾಟಗಾರನ ಮಾತನ್ನು.

ಬರೆಯಲು ವಿಷಯವಿಲ್ಲವೇ? ಎಷ್ಟೊಂದಿದೆ! ಕನ್ವಲ್ ಗ್ರೋವರ್ ಎಂಬ ಉದ್ಯಮಿ ಶಾಂಪೇನ್ ಪ್ರದೇಶದ ತಜ್ಞ ಜಾರ್ಜ್ ವೆಸೆಲ್ ಅವರೊಂದಿಗೆ ಸೇರಿ, ಭಾರತದ ಹಲವು ಜಾಗಗಳನ್ನು ಪರಿಶೀಲಿಸಿ, ಕೊನೆಗೆ ನಂದಿ ಬೆಟ್ಟದ ಸೀಮೆಯನ್ನು ಆರಿಸಿಕೊಂಡರು. 1980ರ ದಶಕದ ಕೊನೆಯಲ್ಲಿ ತೋಟ ನೆಲೆಯಾಯಿತು, 1990ರ ದಶಕದ ಮೊದಲಲ್ಲಿ ವೈನ್ ಹೊರಬಂತು. 2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿ ತಂದು ವೈನ್ ಮಂಡಳಿಯನ್ನು ಸ್ಥಾಪಿಸಿತು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ರೈತರು ತಲೆಮಾರುಗಳಿಂದ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಆ ಹಣ್ಣಿನ ರಸ, ಜಾಮ್, ಸಿಹಿ ವೈನ್ ನಾಡಿನ ಅಂಗಡಿಗಳಲ್ಲಿವೆ, ಆದರೆ ಅದರ ವೈನ್ ಬಗ್ಗೆ ಮನಸ್ಸಿಟ್ಟು ಬರೆದ ವಿಮರ್ಶೆಯನ್ನು ಹುಡುಕಬೇಕು. ವಿಜಯಪುರದ ಕಡೆ ರೈತರು ವರ್ಷಕ್ಕೆ ಎರಡು ಸಲ ಬಳ್ಳಿ ಸವರುತ್ತಾರೆ, ಏಪ್ರಿಲ್ ಚಾಟನಿ ಮತ್ತು ಅಕ್ಟೋಬರ್ ಚಾಟನಿ. ಫ್ರಾನ್ಸಿನ ಬಳ್ಳಿ ಚಳಿಗಾಲದಲ್ಲಿ ನಿದ್ರಿಸುತ್ತದೆ, ನಮ್ಮ ಬಳ್ಳಿಗೆ ನಿದ್ರೆಯಿಲ್ಲ. ಅಲ್ಲಿ ಕೊಯ್ಲು ಸೆಪ್ಟೆಂಬರಿನಲ್ಲಿ, ನಮ್ಮಲ್ಲಿ ಬೇಸಿಗೆಯ ಹೊಸ್ತಿಲಲ್ಲಿ. ಅದರಿಂದ ಹಣ್ಣಿನ ಹುಳಿ, ಸಕ್ಕರೆ, ವೈನಿನ ರುಚಿ ಹೇಗೆ ಬದಲಾಗುತ್ತದೆ ಎಂದು ಕನ್ನಡದಲ್ಲಿ ಯಾರಾದರೂ ಬರೆಯಬೇಕು. ವೈನರಿಯೊಂದಿಗೆ ಒಪ್ಪಂದ ಮಾಡಿಕೊಂಡ ರೈತನಿಗೆ ಕಿಲೋಗೆ ಎಷ್ಟು ಸಿಗುತ್ತದೆ, ಬಾಟಲಿಯ ಬೆಲೆಯಲ್ಲಿ ಅಬಕಾರಿ ಸುಂಕ ಎಷ್ಟು ಎಂದು ಕೇಳಬೇಕು. ಮೊಬೈಲಿನಲ್ಲಿ ನಕ್ಷತ್ರ ಹಾಕುವವರು ಅದನ್ನು ಕೇಳುವುದಿಲ್ಲ.

ಇನ್ನೊಂದು ವಿಷಯ, ಆರೋಗ್ಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತ್ತು. 1991ರ ನವೆಂಬರಿನಲ್ಲಿ ಅಮೆರಿಕದ ಒಂದು ಟಿವಿ ಕಾರ್ಯಕ್ರಮ, ಫ್ರೆಂಚರ ಹೃದಯ ಚೆನ್ನಾಗಿರಲು ಕೆಂಪು ವೈನ್ ಕಾರಣವಿರಬಹುದು ಎಂದು ಹೇಳಿತು. ವೈನ್ ಬರವಣಿಗೆಯಲ್ಲಿ ಹಬ್ಬಿದ್ದು ಎರಡನೆಯದು. ಅಂಗಡಿಗಳಲ್ಲಿ ಕೆಂಪು ವೈನ್ ಬೇಡಿಕೆ ಏರಿತು, ‘ದಿನಕ್ಕೊಂದು ಲೋಟ ಹೃದಯಕ್ಕೆ ಒಳ್ಳೆಯದು’ ಎಂಬ ಮಾತು ಇಂದಿಗೂ ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ಮನೆಗಳಿಗೆ ಬರುತ್ತಿದೆ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ವೈನನ್ನು ಪ್ರೀತಿಸಿ ಬರೆಯುವ ನಾನು ಇದನ್ನು ಹೇಳದೆ ಉಳಿದರೆ, ಗ್ರಾಹಕರ ಪರ ಎಂಬ ಮಾತಿಗೆ ಅರ್ಥವಿರುವುದಿಲ್ಲ. ನನ್ನ ಯಾವ ಬರಹದಲ್ಲಿಯೂ ವೈನ್ ಔಷಧಿಯಾಗಿ ಬರುವುದಿಲ್ಲ.

ಯಂತ್ರಗಳು ವೈನ್ ವಿಮರ್ಶೆ ಬರೆಯಬಲ್ಲವೇ ಎಂದೂ ಕೇಳಿದಿರಿ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು ಒಂದು ಲಕ್ಷಕ್ಕೂ ಮಿಕ್ಕಿ ವೈನ್ ವಿಮರ್ಶೆಗಳನ್ನು ಕಂಪ್ಯೂಟರಿಗೆ ಓದಿಸಿ ಹೊಸ ವಿಮರ್ಶೆಗಳನ್ನು ಬರೆಸಿದರು. ಮನುಷ್ಯರು ಬರೆದದ್ದು ಯಾವುದು, ಯಂತ್ರ ಬರೆದದ್ದು ಯಾವುದು ಎಂದು ಓದುಗರಿಗೆ ಬಹುತೇಕ ಗುರುತಿಸಲಾಗಲಿಲ್ಲ. ಯಂತ್ರ ಜಾಣವಾಗಿದೆ, ನಿಜ. ಆದರೆ ಅದಕ್ಕೆ ಮೊದಲೇ ವಿಮರ್ಶೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಆಗಿದ್ದವು: ಎರಡು ಹಣ್ಣು, ಒಂದು ಮಸಾಲೆ, ಓಕ್, ‘ದೀರ್ಘ ಮುಕ್ತಾಯ’. ಬಾಟಲಿಯನ್ನೇ ತೆರೆಯದೆ ಬರೆಯಬಹುದಾದ ಸಾಲುಗಳನ್ನು ಯಂತ್ರಕ್ಕೆ ಬಿಟ್ಟುಬಿಡಿ. ತೋಟಕ್ಕೆ ಹೋಗಿ ನಿಂತವರು, ಆ ವರ್ಷ ಮಳೆ ಯಾವಾಗ ಬಂತೆಂದು ಕೇಳಿದವರು, ಬಾಟಲಿಯನ್ನು ತೆರೆದ ದಿನವೂ ಮರುದಿನವೂ ಕುಡಿದು ನೋಡಿದವರು ಮಾತ್ರ ಬರೆಯಬಲ್ಲ ಸಾಲುಗಳು ನಿಮಗಾಗಿ ಉಳಿದಿವೆ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಉತ್ತರಿಸಿ ಮುಗಿಸುತ್ತೇನೆ. ‘ಸರ್, ನಾನು ಬರೆಯತೊಡಗಿದ ಮೇಲೆ ವೈನರಿಯವರು ಉಚಿತ ಬಾಟಲಿ ಕಳುಹಿಸಿದರೆ ಏನು ಮಾಡಲಿ?’ ಎಂದು ಕೇಳಿದ್ದೀರಿ. ಮರಳಿ ಕಳುಹಿಸಲೇಬೇಕೆಂದು ನಾನು ಹೇಳುವುದಿಲ್ಲ. ಹೊಸದಾಗಿ ಬರೆಯುವವರಿಗೆ ಎಲ್ಲವನ್ನೂ ಕೊಳ್ಳುವ ಶಕ್ತಿ ಇರುವುದಿಲ್ಲ. ಬಾಟಲಿ ಯಾರು ಕೊಟ್ಟರು ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ, ಕೊನೆಯ ಸಾಲಿನ ಸಣ್ಣ ಅಕ್ಷರದಲ್ಲಿ ಅಲ್ಲ. ಅದೇ ಬೆಲೆಯ ಬೇರೆ ಎರಡು ಬಾಟಲಿಗಳನ್ನು ಅಂಗಡಿಯಿಂದ ತನ್ನಿ. ಮೂರಕ್ಕೂ ಕಾಗದ ಸುತ್ತಿ, ಮನೆಯವರ ಕೈಯಿಂದ ಲೋಟಕ್ಕೆ ಹಾಕಿಸಿ, ಹೆಸರು ತಿಳಿಯದಂತೆ ರುಚಿ ನೋಡಿ, ಬರೆದಿಟ್ಟುಕೊಂಡ ಮೇಲೆ ಕಾಗದ ಬಿಚ್ಚಿ. ಉಚಿತವಾಗಿ ಬಂದದ್ದು ಮೂರರಲ್ಲಿ ಕೊನೆಯದಾಗಿದ್ದರೆ ಅದನ್ನೂ ಹಾಗೆಯೇ ಪ್ರಕಟಿಸಿ. ಆ ಎರಡು ಬಾಟಲಿಗಳ ಬಿಲ್ಲನ್ನು ನಿಮ್ಮ ಸಂಪಾದಕರ ಮೇಜಿನ ಮೇಲಿಡಿ.